ಕಾರಿಗೆ ಆಂಪ್ ಹಾಕಿಸೋರು ಬಸ್ ಬಾರ್, ಲಗ್ ನೀವೇ ಪರೀಕ್ಷೆ ಮಾಡಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು

ಶಿವಮೊಗ್ಗದಲ್ಲಿ ಕಾರಿಗೆ ಆಂಪ್ಲಿಫೈಯರ್, ಸಬ್ ವೂಫರ್ ಹಾಕಿಸೋ ಯೋಚನೆ ಇದ್ದವರು ದಯವಿಟ್ಟು ಪೂರ್ತಿ ಓದಿ. ಅಂಗಡಿ ಹೆಸರು ಬರೆಯಲ್ಲ, ಆದರೆ ನಡೆದದ್ದನ್ನ ಬಿಡದೆ ಬರೀತೀನಿ.

ನಂದು ಎರಡು ಆಂಪ್. ಸಬ್‌ಗೆ 600 ವ್ಯಾಟಿನದು, ಡೋರ್ ಸ್ಪೀಕರಿಗೆ ನಾಲ್ಕು ಚಾನೆಲ್ಲಿನದು. ಜೋರಾಗಿ ಹಾಕಿದರೆ ಎರಡೂ ಸೇರಿ 80-90 ಆಂಪಿಯರ್ ಎಳೀತವೆ. ಬ್ಯಾಟರಿಯಿಂದ ಡಿಕ್ಕಿಗೆ 4 ಗೇಜಿನ ದಪ್ಪ ಕೇಬಲ್, ಅಲ್ಲಿ ಬಸ್ ಬಾರ್ (ಒಂದು ಕೇಬಲಿನ ಕರೆಂಟನ್ನ ಎರಡೂ ಆಂಪಿಗೆ ಹಂಚೋ ಲೋಹದ ಪಟ್ಟಿ), ಅಲ್ಲಿಂದ ಆಂಪ್‌ಗಳಿಗೆ 8 ಗೇಜಿನ ಸಣ್ಣ ಕೇಬಲ್. "ಎಲ್ಲಾ ತಾಮ್ರದ್ದೇ ತಾನೇ?" ಅಂತ ಎದುರಿಗೇ ಕೇಳಿದೆ. "ಫುಲ್ ಕಾಪರ್ ಅಣ್ಣ. ಬೇರೆ ಮಾಲು ನಾವು ಇಡೋದೇ ಇಲ್ಲ." ನಂಬಿದೆ. ವೈರಿಂಗಿಗೇ 6,500 ರೂಪಾಯಿ. ಬಿಲ್ಲಲ್ಲಿ "ವೈರಿಂಗ್ ಕಿಟ್ 1" ಅಂತ ಮಾತ್ರ ಬರೆದಿದ್ದರು.

ಅಂಗಡಿ ಹುಡುಗ ಲಗ್ಗನ್ನ (ಬೋಲ್ಟಿಗೆ ಬಿಗಿಯೋಕೆ ಕೇಬಲಿನ ತುದಿಗೆ ಹಾಕೋ ತೂತಿರೋ ಲೋಹದ ತುಂಡು) ಕಟಿಂಗ್ ಪ್ಲೇಯರಲ್ಲಿ ಅದುಮಿ ಸುತ್ತಿಗೇಲಿ ಎರಡೇಟು ಹಾಕಿದ. ಲಗ್ ಅದುಮೋಕೇ ಇರೋ ಕ್ರಿಂಪಿಂಗ್ ಟೂಲ್ ಇಲ್ವಾ ಅಂದೆ. "ಇದೇ ಗಟ್ಟಿ ಅಣ್ಣ." ಬಾರಿನ ಬೋಲ್ಟು 6 ಎಂಎಂ, ಲಗ್ಗಿನ ತೂತು 10 ಎಂಎಂ. ಮೇಲೊಂದು ವಾಷರ್ ಇಟ್ಟು ಬಿಗಿದ. ನೋಡ್ತಾ ನಿಂತಿದ್ದೆ, ಸುಮ್ಮನಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯೋದು ಅದಕ್ಕೇ.

ಮೂರು ವಾರ ಆಗಿಲ್ಲ. ಸಂಜೆ, ಧೋ ಅಂತ ಮಳೆ, ತೀರ್ಥಹಳ್ಳಿಗೆ ವಾಪಸ್ ಬರ್ತಿದ್ದೀವಿ. ಗಾಜನೂರು ದಾಟಿದ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮಂಡಗದ್ದೆ ಹತ್ತಿರ ನಿಲ್ಲಿಸಿ ಡಿಕ್ಕಿ ತೆಗೆದರೆ ಲಗ್ಗಿನ ಸ್ಲೀವ್ ಕರಗಿ ಇಳಿದಿದೆ, ಬಾರಿನ ಕೆಳಗಿನ ಪ್ಲೈವುಡ್ ಕರ್ರಗಾಗಿದೆ. ಹಿಂದಿನ ಸೀಟಲ್ಲಿ ಇಬ್ಬರು ಮಕ್ಕಳು ಮಲಗಿದ್ದರು. ಆ ಸೀಟಿನ ಬೆನ್ನಿಗೇ ಅಂಟಿಕೊಂಡಿತ್ತು ಆ ಪ್ಲೈವುಡ್.

ಫ್ಯೂಸ್ ಹೋಗಿರಲಿಲ್ಲ. ಹೋಗೋದೂ ಇಲ್ಲ! ಲೂಸ್ ಕನೆಕ್ಷನ್ ಬಿಸಿಯಾಗುವಾಗ ಕರೆಂಟೇನೂ ಜಾಸ್ತಿ ಹರಿಯಲ್ಲ, ಹರಿಯೋ ಕರೆಂಟೇ ಆ ಒಂದು ಜಾಗದಲ್ಲಿ ಶಾಖ ಆಗುತ್ತೆ. ಫ್ಯೂಸಿಗೆ ಅದು ಗೊತ್ತೇ ಆಗಲ್ಲ. ಇನ್ನೊಂದು, ಫ್ಯೂಸ್ ಹಾಕಿದ್ದೂ ಡಿಕ್ಕಿಯಲ್ಲಿ. ಅದು ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೆ ಇರಬೇಕು. ನಡುವೆ ಕೇಬಲ್ ಬಾಡಿಗೆ ಉಜ್ಜಿ ಶಾರ್ಟ್ ಆಗಿದ್ದರೆ ತಡೆಯೋಕೆ ಏನೂ ಇರಲಿಲ್ಲ.

ಮಾರನೇ ದಿನ ನಮ್ಮೂರಿನ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದೆ. ಅವರು ಏನೂ ಮಾತಾಡದೆ ಒಂದು ಒಡೆದ ಸ್ಪೀಕರಿನ ಮ್ಯಾಗ್ನೆಟ್ ತಂದು ಬಾರಿಗೆ ಹಿಡಿದರು. ಟಕ್ ಅಂತ ಕಚ್ಚಿಕೊಳ್ತು. "ಇದು ಕಬ್ಬಿಣ ಮಾರಾಯ, ಮೇಲೆ ಬಣ್ಣ ಕೊಟ್ಟಿದಾರೆ." ಕೇಬಲಿನ ಎಳೆಯನ್ನ ಬ್ಲೇಡಲ್ಲಿ ಕೆರೆದರು. ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಲಗ್ಗನ್ನ ಕೈಯಲ್ಲಿ ಎಳೆದರು, ಕೈಗೇ ಬಂತು. ಸುತ್ತ ನಾಲ್ಕು ಜನ ನಿಂತಿದ್ದರು. ಎಲ್ಲಿ ತಲೆ ಇಟ್ಟುಕೊಳ್ಳಲಿ ಅನ್ನಿಸಿಬಿಡ್ತು.

ಅಂಗಡಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ನೀವು ವಾಲ್ಯೂಮ್ ಜಾಸ್ತಿ ಇಟ್ಟಿರ್ತೀರಿ." ಆಂಪ್ ಹಾಕಿಸೋದು ಮತ್ತೆ ಯಾತಕ್ಕೆ? ಎರಡನೇದು: "ಮಳೆ ನೀರು ಹೋಗಿರುತ್ತೆ." ಡಿಕ್ಕಿ ಒಣಗಿತ್ತು. ಮ್ಯಾಗ್ನೆಟ್ ವಿಷಯ ಹೇಳಿದ ಮೇಲೆ ದನಿ ಬದಲಾಯ್ತು. "ಬಿಲ್ಲಲ್ಲಿ ಕಾಪರ್ ಅಂತ ಎಲ್ಲಿ ಬರೆದಿದೀವಿ ಸಾರ್?" ಅಣ್ಣ ಹೋಗಿ ಸಾರ್ ಆಗಿದ್ದೆ. ಆಮೇಲೆ ಫೋನೇ ಎತ್ತಲಿಲ್ಲ.

ದಯವಿಟ್ಟು ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡು ಹೋಗಿ. ಬೋಲ್ಟಿಗಲ್ಲ, ಬಾರಿಗೇ ಹಿಡಿದು ನೋಡಿ. ತಾಮ್ರ ಸಿಗದಿದ್ದರೆ ದಪ್ಪ ಹಿತ್ತಾಳೆ ಆಗುತ್ತೆ, ಕಬ್ಬಿಣ ಬೇಡವೇ ಬೇಡ. ಕೇಬಲಿನ ಎಳೆ ಕೆರೆಸಿ ನೋಡಿ. ಅಲ್ಯುಮಿನಿಯಂ ಆದರೆ ಅಷ್ಟೇ ದಪ್ಪದ ತಾಮ್ರದಷ್ಟು ಕರೆಂಟ್ ತಾಳಲ್ಲ, ನಮ್ಮ ಮಳೆಗಾಲದ ಥಂಡಿಗೆ ಕನೆಕ್ಷನ್ ಬೇಗ ಕೆಡುತ್ತೆ. ಲಗ್ಗಿನ ತೂತು ಬೋಲ್ಟಿಗೆ ಸರಿಯಾಗಿ ಕೂರಬೇಕು. ಅದುಮಿದ ಮೇಲೆ ನೀವೇ ಜಗ್ಗಿ ನೋಡಿ. ಬಿಲ್ಲಲ್ಲಿ ತಾಮ್ರ ಅಂತ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಆ ಅಂಗಡಿ ಚೆನ್ನಾಗಿದೆ ಅಂತ ನಾನೇ ನಮ್ಮ ಭಾವನನ್ನೂ ಕಳಿಸಿದ್ದೆ. ಅವರ ಕಾರಲ್ಲೂ ಅದೇ ಬಾರ್, ಅದೇ ಲಗ್. ಭಾನುವಾರ ಸಾಗರಕ್ಕೆ ಹೋಗಿ ಎಲ್ಲ ಬಿಚ್ಚಿಸಬೇಕು. ಅಲ್ಲಿವರೆಗೆ ಆಂಪ್ ಆನ್ ಮಾಡಬೇಡಿ ಅಂತ ಹೇಳಿದೀನಿ. ಯಾಕೆ ಅಂತ ಇನ್ನೂ ಹೇಳೋಕೆ ಆಗಿಲ್ಲ.