ಲಗೇಜು ನಿಯಮಗಳಿಂದ ಇಂಗ್ಲಿಷ್ ಓದು ಕಲಿಸುವ ಒಂದು ಅಭ್ಯಾಸ ಪುಸ್ತಿಕೆ

ವಿದೇಶದಲ್ಲಿರುವ ಮಕ್ಕಳ ಮನೆಗೆ ಮೊದಲ ಸಲ ಹೊರಟಿರುವ ಹಿರಿಯರಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಓದುವುದನ್ನು ಹೇಳಿಕೊಡುತ್ತೇನೆ. ಆ ತರಗತಿಯಲ್ಲಿ ಈಚೆಗೆ ಬಳಸಿದ ಒಂದು ಉಚಿತ ಪುಸ್ತಿಕೆಯ ಕುರಿತು ಇದನ್ನು ಬರೆಯುತ್ತಿದ್ದೇನೆ. ಬೋರ್ಡಿಂಗ್ ಪಾಸ್, ಲಗೇಜು ಮಿತಿಯ ಕೋಷ್ಟಕ ಮತ್ತು ಭದ್ರತಾ ತಪಾಸಣೆಯ ಸೂಚನೆಗಳನ್ನೇ ಪಾಠಗಳಾಗಿ ಇಟ್ಟಿರುವುದು ಸರಿಯಾದ ಆಯ್ಕೆ. ನಾಳೆ ಕೌಂಟರಿನ ಮುಂದೆ ತಾವೇ ನಿಂತು ಓದಬೇಕಾದ ಸಾಲುಗಳನ್ನು ಇಂದು ಓದುತ್ತಿದ್ದೇವೆಂಬ ಅರಿವು ಕಲಿಯುವವರ ಗಮನವನ್ನು ತಾನಾಗಿಯೇ ಹಿಡಿದಿಡುತ್ತದೆ.

ಬೇಕಾದ ಮಾಹಿತಿಯನ್ನು ಪುಟದಲ್ಲಿ ಬೇಗನೆ ಹುಡುಕಿ ತೆಗೆಯುವ ಅಭ್ಯಾಸವನ್ನು ಪುಸ್ತಿಕೆ ಚೆನ್ನಾಗಿ ಮಾಡಿಸುತ್ತದೆ. ಗೇಟ್ ಸಂಖ್ಯೆ ಎಲ್ಲಿದೆ, ವಿಮಾನ ಹತ್ತುವ ಸಮಯ ಯಾವುದು, ಹೊರಡುವ ಸಮಯ ಯಾವುದು ಎಂಬ ಪ್ರಶ್ನೆಗಳು ಸ್ಪಷ್ಟವಾಗಿವೆ.

ಆದರೆ ನಿಯಮವನ್ನು ಓದುವುದೆಂದರೆ ಅಂಕಿಯನ್ನು ಪತ್ತೆಹಚ್ಚುವುದಷ್ಟೇ ಅಲ್ಲ, ಅದಕ್ಕೆ ಅಂಟಿಕೊಂಡಿರುವ ಷರತ್ತನ್ನು ಕೊನೆಯವರೆಗೆ ಓದುವುದು. ಪುಸ್ತಿಕೆ ಎಡವುವುದು ಇಲ್ಲಿಯೇ. ಅಮೆರಿಕದ ಮಾರ್ಗಗಳಲ್ಲಿ ಸಾಮಾನ್ಯವಾಗಿ ಕಾಣುವ, ತಲಾ 23 ಕಿಲೋಗಳ ಎರಡು ಪೆಟ್ಟಿಗೆಗಳ ನಿಯಮವನ್ನು ಕೊಟ್ಟು, ಒಟ್ಟು ಎಷ್ಟು ತೂಕ ಒಯ್ಯಬಹುದೆಂದು ಕೇಳಿ, 46 ಎಂಬ ಉತ್ತರಕ್ಕೆ ಸುಮ್ಮನಾಗುತ್ತದೆ. ಒಂದು ಪೆಟ್ಟಿಗೆ 26 ಕಿಲೋ, ಇನ್ನೊಂದು 20 ಕಿಲೋ ಇದ್ದರೆ ನಡೆಯುತ್ತದೆಯೇ ಎಂದು ಕೇಳಬೇಕಿತ್ತು. ಒಟ್ಟು ತೂಕ ಅಷ್ಟೇ ಆದರೂ ಮೊದಲ ಪೆಟ್ಟಿಗೆ ಮಿತಿ ಮೀರಿದೆ. ‘ತಲಾ’ ಎಂದು ಸೂಚಿಸುವ ‘ಈಚ್’ ಎಂಬ ಇಂಗ್ಲಿಷ್ ಪದವನ್ನು ಹಾರಿಸಿ ಓದಿದವರಿಗೆ ಇದು ಹೊಳೆಯುವುದಿಲ್ಲ. ದ್ರವಗಳ ಪಾಠದಲ್ಲಿಯೂ ಇದೇ ಕೊರತೆ. 100 ಮಿಲಿಲೀಟರಿನ ಮಿತಿ ಬಾಟಲಿಯ ಅಳತೆಗೇ ಹೊರತು ಒಳಗೆ ಉಳಿದಿರುವ ಎಣ್ಣೆಗಲ್ಲ, ಆದ್ದರಿಂದ ಅರ್ಧ ಖಾಲಿಯಾದ 200 ಮಿಲಿಲೀಟರಿನ ಬಾಟಲಿಯೂ ಕೈಚೀಲದಲ್ಲಿ ಸಲ್ಲದು. ನಿಯಮದ ಸಾಲಿನಲ್ಲಿ ಇದು ಇದೆ, ಪ್ರಶ್ನೆಗಳಲ್ಲಿ ಮಾತ್ರ ಇಲ್ಲ.

ಪವರ್ ಬ್ಯಾಂಕಿನ ಪುಟವನ್ನು ಮನಸಾರೆ ಮೆಚ್ಚುತ್ತೇನೆ. ಅದನ್ನು ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ. ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ ವ್ಯಾಟ್-ಅವರ್. 100 ವ್ಯಾಟ್-ಅವರ್‌ವರೆಗೆ ಕೈಚೀಲದಲ್ಲಿ ಒಯ್ಯಬಹುದು, ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದಕ್ಕೆ ಅವಕಾಶವಿಲ್ಲ. ಇಷ್ಟನ್ನು ಓದಿಸಿದ ಮೇಲೆ ಪುಸ್ತಿಕೆ 20,000 ಎಂಎಎಚ್, 3.7 ವೋಲ್ಟ್ ಎಂದು ಅಚ್ಚಾದ ಒಂದು ಲೇಬಲ್ಲಿನ ಚಿತ್ರ ಕೊಟ್ಟು ತೀರ್ಮಾನವನ್ನು ಓದುಗರಿಗೇ ಬಿಡುತ್ತದೆ. ಎಂಎಎಚ್ ಅಂಕಿಯನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್ ಬರುತ್ತದೆ, ಒಯ್ಯಬಹುದು. ಎರಡು ಪಠ್ಯಗಳನ್ನು ಕೂಡಿಸಿ ಓದಿ ನಿರ್ಧಾರಕ್ಕೆ ಬರುವ ಇಂಥ ಪ್ರಶ್ನೆಗಳು ಪ್ರತಿ ಪಾಠದಲ್ಲಿಯೂ ಇರಬೇಕಿತ್ತು.

ತಿನಿಸುಗಳ ಪಟ್ಟಿಯಲ್ಲಿ ಚೀಸ್, ಜಾಮ್ ಇವೆ. ನಮ್ಮವರು ನಿಜಕ್ಕೂ ಕಟ್ಟಿಕೊಳ್ಳುವ ಉಪ್ಪಿನಕಾಯಿ, ತುಪ್ಪ, ಒಣಕೊಬ್ಬರಿ ಇಲ್ಲ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಸೇರಿದೆ. ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಅದು ‘ಕೊಪ್ರಾ’ ಎಂಬ ಹೆಸರಿನಲ್ಲಿರುವುದರಿಂದ, ಅಡುಗೆಮನೆಯಲ್ಲಿ ದಿನವೂ ಅದನ್ನು ತುರಿಯುವ ಗೃಹಿಣಿಯೂ ಆ ಸಾಲನ್ನು ದಾಟಿ ಹೋಗುವ ಸಂಭವವಿದೆ.

ಅಕ್ಷರ ಕೂಡಿಸಿ ಓದಬಲ್ಲ ವಯಸ್ಕರಿಗೆ ಈ ಪುಸ್ತಿಕೆಯನ್ನು ಧಾರಾಳವಾಗಿ ಕೊಡಬಹುದು. ಕಲಿಸುವವರು ಲಗೇಜು ಕೋಷ್ಟಕದ ಪುಟವನ್ನು ಬಿಟ್ಟು, ಕಲಿಯುವವರು ಪ್ರಯಾಣಿಸಲಿರುವ ವಿಮಾನ ಸಂಸ್ಥೆಯ ಈಗಿನ ನಿಯಮಗಳನ್ನು ಅವರ ಟಿಕೆಟ್ಟಿನ ಪ್ರತಿಯೊಡನೆ ಮುದ್ರಿಸಿಕೊಂಡು ಓದಿಸುವುದು ಒಳ್ಳೆಯದು, ಏಕೆಂದರೆ ಮಿತಿಗಳು ಸಂಸ್ಥೆಯಿಂದ ಸಂಸ್ಥೆಗೆ ಮಾತ್ರವಲ್ಲ, ಟಿಕೆಟ್ಟಿನ ದರ್ಜೆಗೆ ತಕ್ಕಂತೆಯೂ ಬದಲಾಗುತ್ತವೆ.