ಮಾವನ ಎಣ್ಣೆ ಗಾಣಕ್ಕೆ ಲೇಬಲ್ ಮಾಡಿಕೊಟ್ಟೆ. ನೀವು ಹೀಗೆ ಸಿಕ್ಕಿಹಾಕಿಕೊಳ್ಳಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಎಂಟು ವರ್ಷದಿಂದ ಮೈಸೂರಲ್ಲಿ ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಗೊತ್ತಿಲ್ಲದವರು ಬಂದರೆ ಅರ್ಧ ದುಡ್ಡು ಅಡ್ವಾನ್ಸ್ ಬರದೆ ಫೈಲೇ ಓಪನ್ ಮಾಡಲ್ಲ. ಅಂಥವಳು ಸ್ವಂತ ಸೋದರಮಾವನಿಗೆ ಏಳು ತಿಂಗಳು ಬಿಟ್ಟಿ ದುಡಿದೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ವಾರವೇ ಇನ್ನೊಬ್ಬ ಗೆಳತಿ "ನಮ್ಮ ಅಣ್ಣನ ಹೋಟೆಲ್‌ಗೆ ಮೆನು ಕಾರ್ಡ್ ಮಾಡ್ಕೊಡ್ತಿದ್ದೀನಿ, ದುಡ್ಡಿನ ವಿಷ್ಯ ಆಮೇಲೆ ಮಾತಾಡ್ತೀನಿ" ಅಂದಳು. ಆ "ಆಮೇಲೆ" ಅನ್ನೋದು ಬರಲ್ಲ ಕಣ್ರೀ. ಬರೋದೇ ಇಲ್ಲ.

ಶುರುವಾಗಿದ್ದು ಹೊಸತೊಡಕಿನ ದಿನ. ಮಂಡ್ಯ ಕಡೆಯವರಿಗೆ ಹೇಳಬೇಕಾಗಿಲ್ಲ, ಯುಗಾದಿ ಮಾರನೇ ದಿನ ಮಾವನ ಮನೆಯಲ್ಲಿ ಬಾಡೂಟ. ಎಲೆ ಮುಂದೆ ಕೂತಿದ್ದೇನೆ, ಅತ್ತೆ ಮುದ್ದೆ ಹಾಕುತ್ತಿದ್ದಾರೆ, ಮಾವ ಪಕ್ಕದಲ್ಲೇ ಕೂತು ಹೇಳಿದರು: "ಮರದ ಗಾಣ ಹಾಕ್ತಾ ಇವ್ನಿ ಕಣವ್ವಾ. ಒಂದು ಲೋಗೋ ಒಸಿ ಮಾಡ್ಕೊಡು. ನಿಂಗೇನು, ಅರ್ಧ ಗಂಟೆ ಕೆಲ್ಸ." ಎಲೆ ಮುಂದೆ ಕೂತವಳು ಏನನ್ನಬೇಕು? ಆಯ್ತು ಮಾವ ಅಂದೆ. ದುಡ್ಡಿನ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅಲ್ಲೇ ಕೆಟ್ಟಿದ್ದು.

ಅರ್ಧ ಗಂಟೆಯ ಲೋಗೋಗೆ ಐದು ವಾರ ಹಿಡಿಯಿತು. ಹನ್ನೊಂದು ಮಾದರಿ ಕಳಿಸಿದೆ. ಮಾವನಿಗೆ ಎತ್ತು ಬೇಕು. ಬೆಂಗಳೂರಲ್ಲಿರುವ ಅವರ ಮಗನಿಗೆ ಎತ್ತು ಬೇಡ, "ಅಕ್ಕಾ, ಒಂಚೂರು ಪ್ರೀಮಿಯಂ ಫೀಲ್ ಬರ್ಲಿ". ಅತ್ತೆಗೆ ದೇವರ ಚಿತ್ರ ಬೇಕು. ಕೊನೆಗೆ ಮೊದಲನೇ ದಿನ ಕಳಿಸಿದ್ದನ್ನೇ ಓಕೆ ಮಾಡಿದರು. ಈ ಕಸುಬಿನಲ್ಲಿ ಇರೋರಿಗೆ ಇದು ಹೊಸದಲ್ಲ ಬಿಡಿ.

ಆಮೇಲೆ ಲೇಬಲ್. ಇದು ಎಷ್ಟು ಕೆಲಸ ಅಂತ ಹೊರಗಿನವರಿಗೆ ಗೊತ್ತಾಗಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಕಡಲೆಕಾಯಿ, ಎಳ್ಳು, ಕೊಬ್ಬರಿ, ಹುಚ್ಚೆಳ್ಳು, ನಾಲ್ಕು ಎಣ್ಣೆ. ಒಂದೊಂದಕ್ಕೂ ಮೂರು ಅಳತೆಯ ಬಾಟಲಿ. ಹನ್ನೆರಡು ಲೇಬಲ್ ಆಯ್ತಾ? ಒಂದೊಂದರ ಮೇಲೂ ತಯಾರಕರ ವಿಳಾಸ, ಬ್ಯಾಚ್ ನಂಬರ್, ಪ್ಯಾಕ್ ಮಾಡಿದ ತಿಂಗಳು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಪೋಷಕಾಂಶದ ಪಟ್ಟಿ, ಗ್ರಾಹಕರ ದೂರಿಗೆ ಫೋನ್ ನಂಬರ್, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಬರಬೇಕು. ಹಸಿರು ಚೌಕದೊಳಗಿನ ಹಸಿರು ಚುಕ್ಕಿ ಚಿಕ್ಕ ಲೇಬಲ್‌ನಲ್ಲೂ 3 ಮಿಲಿಮೀಟರ್‌ಗಿಂತ ಕಮ್ಮಿ ಇರೋ ಹಾಗಿಲ್ಲ. ಎಣ್ಣೆಗೆ ಲೀಟರ್ ಒಂದೇ ಬರೆದರೆ ಸಾಲದು, ಗ್ರಾಂ ಲೆಕ್ಕವೂ ಬೇಕು. ಒಂದು ಲೀಟರ್ ಕಡಲೆಕಾಯಿ ಎಣ್ಣೆ ಒಂದು ಕೆಜಿ ತೂಗಲ್ಲ, ಹತ್ತಿರ ಹತ್ತಿರ 910 ಗ್ರಾಂ ಅಷ್ಟೇ. ಇದನ್ನೆಲ್ಲ ಹುಡುಕಿ, ಓದಿ, ಮಾವನಿಗೆ ತಿಳಿಸಿ ಹೇಳಿದವಳು ನಾನು. ಅವರು ಕೇಳಿದ್ದು ಒಂದೇ: "ಕೊಲೆಸ್ಟ್ರಾಲ್ ಕರಗಿಸ್ತದೆ ಅಂತ ದಪ್ಪಕ್ಕೆ ಹಾಕು." ಹಾಗೆ ಹಾಕಿದರೆ ನೋಟಿಸ್ ಬರುತ್ತೆ ಮಾವ ಅಂದೆ. "ನಿಂದೊಂದು ಕಾನೂನು" ಅಂದರು.

ಕನ್ನಡದ ಗೋಳು ಬೇರೆ. ಅವರು ಊರಿನ ಡಿಟಿಪಿ ಅಂಗಡಿಯಲ್ಲಿ ನುಡಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿ ಕಳಿಸುತ್ತಿದ್ದರು. ನನ್ನ ಕಡೆ ತೆರೆದರೆ ಪೂರ್ತಿ ಕೋಡಂಗಿ ಅಕ್ಷರ. ಯೂನಿಕೋಡ್‌ಗೆ ತಿರುಗಿಸಿದರೆ ಅರ್ಕಾವತ್ತು ಎಲ್ಲೋ, ಅಕ್ಷರ ಎಲ್ಲೋ. "ಹುಚ್ಚೆಳ್ಳೆಣ್ಣೆ" ಅನ್ನೋ ಒಂದು ಪದ ಇದೆಯಲ್ಲ, ಅದರ ಮೂರು ಒತ್ತು 200 ಎಂಎಲ್ ಲೇಬಲ್‌ನಲ್ಲಿ ಕೆಳಗಿನ ಸಾಲಿಗೆ ತಾಗದ ಹಾಗೆ ಕೂರಿಸೋಕೆ ಒಂದು ರಾತ್ರಿ ಹಿಡಿಯಿತು. ಒಂದು ರಾತ್ರಿ! ಆ ಪದ ಈಗ ಎಲ್ಲಿ ನೋಡಿದರೂ ಹೊಟ್ಟೆ ಉರಿಯುತ್ತೆ.

ಲೇಬಲ್ ಆದಮೇಲೆ ಫ್ಲೆಕ್ಸ್. ಫ್ಲೆಕ್ಸ್ ಆದಮೇಲೆ ವಿಸಿಟಿಂಗ್ ಕಾರ್ಡ್. ಆಮೇಲೆ ಗಾಡಿ ಮೇಲಿನ ಸ್ಟಿಕ್ಕರ್, ಬಿಲ್ ಬುಕ್, ಇನ್‌ಸ್ಟಾಗ್ರಾಂಗೆ ಹಬ್ಬಕ್ಕೊಂದು ಶುಭಾಶಯ. ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಗ್ಗೆ ಆರಕ್ಕೆ ಫೋನು, "ಹಬ್ಬದ್ ಪೋಸ್ಟ್ ಎಲ್ಲವ್ವಾ?" ಅಂತ. ನಾನು ಕಳಸ ಕೂರಿಸೋದು ಬಿಟ್ಟು ಪೋಸ್ಟ್ ಮಾಡಿದೆ. ಹೌದು, ಮಾಡಿದೆ. ಮುಟ್ಠಾಳಿ ಅಂತ ಬೇಕಾದರೆ ಅನ್ನಿ.

ಈ ಮಧ್ಯೆ ಎರಡು ಸಲ ಸೂಕ್ಷ್ಮವಾಗಿ ದುಡ್ಡಿನ ವಿಷಯ ತೆಗೆದೆ. ಮೊದಲನೇ ಸಲ "ಗಾಣ ತಿರುಗ್ಲಿ ತಾಯಿ, ಮೊದಲ್ನೇ ದುಡ್ಡು ನಿಂದೇಯ". ಎರಡನೇ ಸಲ "ನಂದೇನ್ ಓಡೋಯ್ತದಾ?" ಇಷ್ಟೇ. ಅದೇ ಶೆಡ್ ಕಟ್ಟಿದ ಗಾರೆಯವರಿಗೆ ಶನಿವಾರ ಶನಿವಾರ ಬಟವಾಡೆ ಆಗುತ್ತಿತ್ತು. ವೈರಿಂಗ್ ಮಾಡಿದವನು ಅತ್ತೆಯ ಅಣ್ಣನ ಮಗ, ಅವನಿಗೂ ಪೂರ್ತಿ ಕೊಟ್ಟರು. ಅವನ ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು, ಕೆಲಸ ಕಾಣುತ್ತಿತ್ತು. ನಾನು ಮೌಸ್ ಹಿಡಿದು ಕೂತಿದ್ದೆ.

ಆಮೇಲೆ ಲೈಸೆನ್ಸ್ ನಂಬರ್ ರಾಮಾಯಣ. ಮಾವ ಗಾಡಿ ಓಡಿಸುತ್ತಾ ವಾಯ್ಸ್ ಮೆಸೇಜ್‌ನಲ್ಲಿ ನಂಬರ್ ಹೇಳಿದರು. ಸರ್ಟಿಫಿಕೇಟಿನ ಫೋಟೋ ಕಳಿಸಿ ಅಂದೆ, ಕಳಿಸಲಿಲ್ಲ. ಕೇಳಿದ ಹಾಗೆ ಹಾಕಿ, ಪ್ರೂಫ್ ಕಳಿಸಿ, "ನಂಬರ್ ಒಂದೊಂದೇ ಅಂಕಿ ನೋಡಿ ಹೇಳಿ" ಅಂತ ಬರೆದೆ. ಎರಡೇ ನಿಮಿಷಕ್ಕೆ ಹೆಬ್ಬೆರಳು ಬಂತು. ಐದು ಸಾವಿರ ಲೇಬಲ್ ಪ್ರಿಂಟ್ ಆದಮೇಲೆ ನೋಡಿದರೆ ಒಂದು ಅಂಕಿ ಕಮ್ಮಿ, ಹದಿಮೂರೇ ಇದೆ. ಹದಿನಾಲ್ಕು ಇರಬೇಕು ಅಂತ ಗೊತ್ತಿದ್ದೂ ನಾನು ಎಣಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಮಾವ ಅಂದಿದ್ದು ಕೇಳಿ: "ಹನ್ನೊಂದು ಸಾವ್ರ ನೀರಾಗೋಯ್ತು. ಅರ್ಧ ನೀನ್ ಹಾಕ್ಕೋ." ಅಂದರೆ ಕೆಲಸಕ್ಕೆ ದುಡ್ಡಿಲ್ಲ, ತಪ್ಪಾದರೆ ದಂಡ ಉಂಟು! ನಾನು ಕೊಡಲಿಲ್ಲ. ಅಮ್ಮ ನನಗೆ ಗೊತ್ತಾಗದ ಹಾಗೆ ಎರಡು ಸಾವಿರ ಕೊಟ್ಟು ಬಂದಿದ್ದರು. ಅದು ತಿಳಿದಿದ್ದು ಎಷ್ಟೋ ದಿನ ಆದಮೇಲೆ.

ಇಷ್ಟಾದರೂ ನಾನು ಸುಮ್ಮನಿದ್ದೆ ಅಂದರೆ ನೀವು ನಂಬಬೇಕು.

ಈಗ ಬಂತು ನೋಡಿ, ನಾನು ಎಂಥ ದಡ್ಡಿ ಅಂತ ನನಗೇ ಗೊತ್ತಾದ ರಾತ್ರಿ. ಮಾವ ಎರಡನೇ ಗಾಣಕ್ಕೆ ಬ್ಯಾಂಕ್ ಸಾಲ ಹಾಕುತ್ತಿದ್ದರು. ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಘಟಕಗಳಿಗೆ ಶೇ. 35 ಸಬ್ಸಿಡಿ ಕೊಡುತ್ತಿದ್ದರಲ್ಲ, ನಮ್ಮ ರಾಜ್ಯ ಅದರ ಮೇಲೆ ಶೇ. 15 ಸೇರಿಸುತ್ತಿತ್ತಲ್ಲ, ಅದು. ಒಳ್ಳೆಯ ಯೋಜನೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಯಾರ ಹತ್ತಿರವೋ ಪ್ರಾಜೆಕ್ಟ್ ರಿಪೋರ್ಟ್ ಬರೆಸಿದ್ದರು. "ನೋಡೋಕೆ ಲಕ್ಷಣವಾಗಿಲ್ಲ, ಒಸಿ ಚೆಂದ ಮಾಡ್ಕೊಡು" ಅಂತ ರಾತ್ರಿ ಒಂಬತ್ತಕ್ಕೆ ಕಳಿಸಿದರು. ಬೆಳಗ್ಗೆ ಬ್ಯಾಂಕಿಗೆ ಕೊಡಬೇಕಂತೆ.

ಹನ್ನೊಂದೂವರೆ ಆಗಿತ್ತು. ಒಂದೊಂದೇ ಟೇಬಲ್‌ಗೆ ಗೆರೆ ಹಾಕಿ, ಅಂಕಿಗಳನ್ನು ಬಲಕ್ಕೆ ಸರಿಸುತ್ತಿದ್ದೆ. ಏಳನೇ ಪುಟ, ಈಗಾಗಲೇ ಮಾಡಿದ ಖರ್ಚುಗಳ ಪಟ್ಟಿ. ಶೆಡ್ಡು. ಗಾಣ. ಮೋಟರ್. ವೈರಿಂಗ್. ಐದನೇ ಸಾಲು: "ಲೋಗೋ, ಲೇಬಲ್ ಮತ್ತು ಬ್ರ್ಯಾಂಡಿಂಗ್ ವೆಚ್ಚ, 85,000".

ಮೊದಲು ಖುಷಿ ಆಯ್ತು! ನಿಜ ಹೇಳುತ್ತಿದ್ದೇನೆ. ಮಾವ ನನಗೆ ಅಂತ 85,000 ತೆಗೆದಿಟ್ಟಿದ್ದಾರೆ ಅಂದುಕೊಂಡೆ. ನಾನು ಅಷ್ಟು ಕೇಳೋಳೇ ಅಲ್ಲ. ಹೊರಗಿನವರಿಗಾದರೆ ಒಟ್ಟು 62,000 ಆಗೋ ಕೆಲಸ. ಆಮೇಲೆ ಪಟ್ಟಿಯ ತಲೆಬರಹ ಇನ್ನೊಂದು ಸಲ ಓದಿದೆ. ಮಾಡಿದ ಖರ್ಚು. ಕೊಟ್ಟಾಗಿದೆ. ಪಕ್ಕದ ಕಾಲಂನಲ್ಲಿ "ಪಾವತಿ ವಿಧಾನ: ನಗದು" ಅಂತ ಬೇರೆ. ಆ 85,000 ಅನ್ನೋ ಅಂಕಿಯ ಕಾಮಾ ಸ್ವಲ್ಪ ಆಚೆ ಸರಿದಿತ್ತು. ಅದನ್ನು ಸರಿ ಮಾಡಿದೆ ನಾನು. ನನಗೆ ಕೊಡದ ದುಡ್ಡನ್ನು ಕೊಟ್ಟೆ ಅಂತ ಬರೆದ ಸಾಲಿನ ಕಾಮಾ ನಾನೇ ಸರಿ ಮಾಡಿದೆ! ಈಗಲೂ ರಾತ್ರಿ ಎಚ್ಚರ ಆದರೆ ಆ ಕಾಮಾನೇ ಕಣ್ಣ ಮುಂದೆ ಬರುತ್ತೆ.

ಆ ಲೆಕ್ಕ ಬ್ಯಾಂಕ್‌ನವರು ಒಪ್ಪುತ್ತಾರೋ ಬಿಡುತ್ತಾರೋ ನನಗೆ ಗೊತ್ತಿಲ್ಲ. ನಾನು ಫೋನ್ ಮಾಡಿ "ಮಾವ, ಐದನೇ ಸಾಲು ಏನು?" ಅಂದೆ. ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಗು. "ಅದು ಬ್ಯಾಂಕಿಗೆ ತೋರ್ಸಾಕೆ ಕಣವ್ವಾ. ಲೆಕ್ಕಕ್ಕೆ. ನೀನ್ಯಾಕ್ ತಲೆ ಕೆಡಿಸ್ಕೊತೀಯ?"

ಬೆಳಗ್ಗೆ ಬಿಲ್ ಕಳಿಸಿದೆ. 62,000 ಅಲ್ಲ, 25,000. ನೆಂಟರು ಅಂತ. ಏಳು ತಿಂಗಳಲ್ಲಿ ಮೊದಲನೇ ಸಲ ಬರವಣಿಗೆಯಲ್ಲಿ ದುಡ್ಡು ಕೇಳಿದ್ದು.

ಉತ್ತರ ಎರಡೂವರೆ ನಿಮಿಷದ ವಾಯ್ಸ್ ಮೆಸೇಜ್. ಪೂರ್ತಿ ಬರೆಯಲ್ಲ, ಮುಖ್ಯವಾದದ್ದು ಇದು: "ನಿನ್ನ ಕಿವಿ ಚುಚ್ಚಿಸಿದ್ದು ಯಾರ ತೊಡೆ ಮೇಲವ್ವಾ? ಓಲೆ ಮಾಡಿಸ್ಕೊಟ್ಟೋರ್ ಯಾರು? ನಾನ್ ಅದ್ಕೆ ಬಿಲ್ ಕಳಿಸ್ದ್ನಾ?" ನಾನೇನು ಹೇಳಲಿ ಇದಕ್ಕೆ? ಓಲೆ ನಿಜ. ತೊಡೆ ನಿಜ. ಆದರೆ ಆ ಓಲೆ ಮಾಡಿದ ಆಚಾರಿಗೆ ಮಜೂರಿ ಕೊಟ್ಟೇ ತಂದಿದ್ದಲ್ವಾ? ಈ ಮಾತು ಹೊಳೆದಿದ್ದು ಎರಡು ದಿನ ಆದಮೇಲೆ.

ಅತ್ತೆ: "ಮನೇಲೇ ಕೂತಿರ್ತೀಯಲ್ಲ ತಾಯಿ, ಪೆಟ್ರೋಲಾ, ಬಾಡಿಗೆಯಾ, ಏನ್ ಖರ್ಚು ನಿಂಗೆ?"

ಅವರ ಮಗ, ಓದಿದವನು, ತಿಂಗಳ ಸಂಬಳ ತಗೊಳ್ಳೋನು: "ಅಕ್ಕಾ, ನಿಂಗೂ ಪಬ್ಲಿಸಿಟಿ ಅಲ್ವಾ? ಬೇಕಾದ್ರೆ ಲೇಬಲ್ ಹಿಂದೆ ನಿನ್ ಹೆಸ್ರು ಹಾಕ್ಸೋಣ." ಲೇಬಲ್ ಹಿಂದೆ ಜಾಗ ಎಲ್ಲಿದೆ? ಒಂದೊಂದು ಮಿಲಿಮೀಟರ್ ಅಳೆದು ತುಂಬಿಸಿದವಳು ನಾನು!

ಕೊನೆಗೆ ಐದು ಲೀಟರ್ ಕಡಲೆಕಾಯಿ ಎಣ್ಣೆ ಕಳಿಸಿಕೊಟ್ಟರು, ಬಸ್ಸಿನಲ್ಲಿ. ಲೆಕ್ಕ ಚುಕ್ತಾ ಅಂತೆ. ಇಡೀ ನೆಂಟರಿಗೆ "ಅವಳ ಲೆಕ್ಕ ಮುಗಿಸ್ದೆ" ಅಂತ ಹೇಳಿಕೊಂಡು ಬಂದಿದ್ದಾರೆ.

ಕಾನೂನು ಗೊತ್ತಿಲ್ಲ ಅಂತಲ್ಲ. ನನ್ನ ಹತ್ತಿರ ಸಣ್ಣ ಉದ್ದಿಮೆ ಅಂತ ಸರ್ಕಾರದ ಉದ್ಯಮ್ ನೋಂದಣಿ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮಾಡಿಕೊಟ್ಟ ಕೆಲಸವನ್ನು ಗಿರಾಕಿ ಒಪ್ಪಿಕೊಂಡ ಮೇಲೆ 45 ದಿನ ಮೀರಿ ದುಡ್ಡು ಇಟ್ಟುಕೊಳ್ಳುವ ಹಾಗಿಲ್ಲ. ಮೀರಿದರೆ ಬಡ್ಡಿ ಬೀಳುತ್ತೆ, ದೂರು ಕೊಡೋಕೆ ಅಂತಲೇ ಸರ್ಕಾರ ಸಮಾಧಾನ್ ಅನ್ನೋ ಪೋರ್ಟಲ್ ಮಾಡಿತ್ತು. ಕೋರ್ಟಿಗೇ ಹೋಗೋದಾದರೆ ಮೂರು ವರ್ಷ ಅವಧಿ ಇರುತ್ತೆ. ಹೊರಗಿನ ಗಿರಾಕಿ ಆಗಿದ್ದರೆ ಇಷ್ಟೊತ್ತಿಗೆ ಹಾಕಿರುತ್ತಿದ್ದೆ. ಅಮ್ಮ ಅಂದಿದ್ದು ಒಂದೇ ಮಾತು, "ಅವ್ನೊಬ್ನೇ ನಂಗೆ ತವರು ಅಂತ ಉಳ್ದಿರೋದು." ಮುಗೀತು. ಸಮಾಧಾನ್ ಪೋರ್ಟಲ್‌ಗಿಂತ ನನಗೆ ಸಮಾಧಾನ ಹೇಳೋಕೆ ಬಂದವರೇ ಜಾಸ್ತಿ.

ನೆಂಟರ ಕೆಲಸ ಮಾಡಲೇಬೇಡಿ ಅಂತ ನಾನು ಹೇಳಲ್ಲ, ಹೇಳಿದರೂ ಯಾರೂ ಕೇಳಲ್ಲ. ಮಾಡೋದಾದರೆ ಎರಡರಲ್ಲಿ ಒಂದು. "ಇದು ನನ್ನ ಕಡೆಯಿಂದ ಉಡುಗೊರೆ, ಒಂದು ಲೋಗೋ, ಎರಡು ಸಲ ತಿದ್ದುಪಡಿ, ಅಷ್ಟೇ" ಅಂತ ಮೊದಲ ದಿನವೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಇಲ್ಲ, ಅರ್ಧ ದುಡ್ಡು ಮೊದಲು. ಮಧ್ಯದ ದಾರಿ ಹಿಡಿದವರೇ ನನ್ನ ಹಾಗೆ ಆಗೋದು. ಉಡುಗೊರೆ ಕೊಟ್ಟರೂ ಪೂರ್ತಿ ಮೊತ್ತ ಬರೆದು, ಕೆಳಗೆ ರಿಯಾಯಿತಿ ತೋರಿಸಿ ಸೊನ್ನೆ ಬಿಲ್ ಕಳಿಸಿ. ಕೆಲಸಕ್ಕೆ ಬೆಲೆ ಇದೆ ಅಂತಾದರೂ ಅವರಿಗೆ ಕಾಣಲಿ, ಇಲ್ಲದಿದ್ದರೆ ಅವರೇ ಒಂದು ಬೆಲೆ ಬರೆದುಕೊಳ್ಳುತ್ತಾರೆ. ನಂಬರ್‌ಗಳನ್ನು ವಾಯ್ಸ್ ಮೆಸೇಜ್‌ನಲ್ಲಿ ಕೇಳಿ ಟೈಪ್ ಮಾಡಬೇಡಿ, ದೇವರೇ ಬಂದು ಹೇಳಿದರೂ. ದುಡ್ಡು ಬರೋವರೆಗೂ ಓಪನ್ ಫೈಲ್, ಅಂದರೆ ಬೇರೆಯವರೂ ತಿದ್ದಬಹುದಾದ ಮೂಲ ಫೈಲ್, ಕೊಡಬೇಡಿ. ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅಂದರೆ ಅದು. ಆ ಮೂಲ ಕೋರೆಲ್ ಫೈಲ್‌ಗಳೆಲ್ಲ ಇನ್ನೂ ನನ್ನ ಹತ್ತಿರವೇ ಇವೆ.

ಹೋದ ವಾರ ಮಾವನ ಮಗ ಮೆಸೇಜ್ ಮಾಡಿದ್ದ. ಐದು ಲೀಟರ್ ಕ್ಯಾನ್ ತರುತ್ತಿದ್ದಾರಂತೆ, ಲೇಬಲ್‌ನ ಅಳತೆ ಬದಲಾಯಿಸಬೇಕಂತೆ, "ಫೈಲ್ ಕಳ್ಸು ಸಾಕು ಅಕ್ಕಾ, ಇಲ್ಲೇ ಯಾರತ್ರನಾದ್ರೂ ಮಾಡಿಸ್ಕೊತೀವಿ, ನಿಂಗೆ ತೊಂದ್ರೆ ಬೇಡ" ಅಂತ. ಹಳೇ ಬಿಲ್ ಅನ್ನೇ ಇನ್ನೊಂದು ಸಲ ಕಳಿಸಿದೆ. ಓದಿದ್ದಾನೆ, ಉತ್ತರ ಇಲ್ಲ. ಅಮ್ಮನಿಗೆ ಅಷ್ಟೊತ್ತಿಗಾಗಲೇ ಊರಿಂದ ಫೋನ್ ಬಂದಿತ್ತು. ಅವತ್ತಿಂದ ನನ್ನ ಜೊತೆ ಬೇಕಾದಷ್ಟೇ ಮಾತು.

ಮಾವ ಕಳಿಸಿದ ಎಣ್ಣೆ ಮುಗಿದು ಮೂರು ದಿನ ಆಯ್ತು. ಅಮ್ಮ ತುಪ್ಪದಲ್ಲೇ ಒಗ್ಗರಣೆ ಹಾಕುತ್ತಿದ್ದಾರೆ. ಎಣ್ಣೆ ತಗೊಂಡು ಬಾ ಅಂತ ಅವರೂ ಹೇಳುತ್ತಿಲ್ಲ, ನಾನೂ ತರುತ್ತಿಲ್ಲ.