ಹಳೆಯ ಮರಳನ್ನು ಹೊಸ ತೊಟ್ಟಿಗೆ ಸುರಿಯಬೇಡಿ

ಮೂರು ವರ್ಷ ಸಾಕಿದ ಮೂರು ಮೀನುಗಳಲ್ಲಿ ಎರಡನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡೆ. ರೋಗ ಬಂದಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಚಿಕ್ಕ ತೊಟ್ಟಿಯಿಂದ ದೊಡ್ಡದಕ್ಕೆ ಸಾಗಿಸುವಾಗ ನಾನು ಮಾಡಿದ ತಪ್ಪಿಗೆ ಅವು ಸತ್ತವು. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡು, ಇನ್ನೂ ದೊಡ್ಡದು ಬೇಕೆಂದು ಆಸೆಪಡುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ಹಳೆಯದು 120 ಲೀಟರಿನದು, ಹೊಸದು 350. ತಯಾರಿಯಲ್ಲಿ ಕೊರತೆ ಇರಲಿಲ್ಲ. ಪಂಪನ್ನು ಮತ್ತೆ ಮತ್ತೆ ನಿಲ್ಲಿಸಿ, ಪೈಪಿನಿಂದ ಹಿಂದಕ್ಕೆ ಇಳಿಯುವ ನೀರನ್ನೆಲ್ಲ ಕೆಳಗಿನ ಸಂಪ್ (ನೀರು ಶೋಧಿಸುವ ಚಿಕ್ಕ ತೊಟ್ಟಿ) ಹಿಡಿಯುತ್ತದೆಯೇ ಎಂದು ನೋಡಿದ್ದೆ. ನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿ. ಲೈವ್ ರಾಕ್, ಅಂದರೆ ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲುಗಳು, ಒಣಗದಂತೆ ಉಪ್ಪುನೀರಿನ ಬಕೆಟ್‌ಗಳಲ್ಲಿ ಮುಳುಗಿಸಿ, ಹೀಟರ್ ಮತ್ತು ಗಾಳಿಯ ಪಂಪ್ ಹಾಕಿದ್ದೆ. ಉಳಿದದ್ದು ಮರಳು ಮಾತ್ರ.

ಹಳೆಯ ಮರಳಿನಲ್ಲಿ ಉಪಕಾರಿ ಬ್ಯಾಕ್ಟೀರಿಯಾ ಇರುತ್ತವೆ, ಎಸೆದರೆ ಮೂರು ವರ್ಷದ ಗಳಿಕೆಯನ್ನೇ ಎಸೆದಂತೆ ಎಂದು ನಂಬಿದ್ದೆ. ತೊಟ್ಟಿ ಮಾರಿದವರೂ ಹಾಗೆಯೇ ಹೇಳಿದ್ದರು. ಬಾಚಿ ತೆಗೆಯುವಾಗ ಮೇಲಿನ ಪದರ ಬೆಳ್ಳಗಿತ್ತು, ಅದರಡಿ ಬೂದು, ತಳದಲ್ಲಿ ಗಾಜಿಗೆ ಮೆತ್ತಿಕೊಂಡಂತೆ ಕಪ್ಪು. ಕಪ್ಪು ಪದರ ಮೇಲೆ ಬಂದದ್ದೇ ತಡ, ಕೋಣೆಯೆಲ್ಲ ಕೊಳೆತ ಮೊಟ್ಟೆಯ ನಾತ. ಕೈ ನಿಲ್ಲಿಸಬೇಕಾದ ಕ್ಷಣ ಅದೇ ಆಗಿತ್ತು. ನಾನು ಕಿಟಕಿ ತೆರೆದು ಕೆಲಸ ಮುಂದುವರಿಸಿದೆ.

ಅದು ಹೈಡ್ರೋಜನ್ ಸಲ್ಫೈಡ್. ಆಮ್ಲಜನಕ ತಲುಪದ ತಳದಲ್ಲಿ ಮೀನಿನ ಮಲ, ತಿನ್ನದೆ ಬಿಟ್ಟ ಆಹಾರದ ಚೂರು ವರ್ಷಗಟ್ಟಲೆ ಕೊಳೆಯುತ್ತಿರುತ್ತದೆ. ಕದಡದಿದ್ದರೆ ಅದು ತನ್ನ ಪಾಡಿಗೆ ತಾನಿರುತ್ತದೆ. ಕದಡಿದರೆ ಆ ವಿಷವೂ ಅಮೋನಿಯಾವೂ ಒಮ್ಮೆಗೇ ನೀರಿಗಿಳಿಯುತ್ತವೆ. ಕಲ್ಲಿನಲ್ಲಿರುವ ಬ್ಯಾಕ್ಟೀರಿಯಾ ದಿನನಿತ್ಯದ ಹೊರೆಗೆ ತಕ್ಕಷ್ಟು ಬೆಳೆದಿರುತ್ತವೆ, ಇಷ್ಟನ್ನು ಒಂದೇ ರಾತ್ರಿಯಲ್ಲಿ ಅರಗಿಸಲಾರವು. ಉಪ್ಪುನೀರಿನಲ್ಲಿ ಅಪಾಯ ಇನ್ನೂ ಹೆಚ್ಚು. ಪಿಎಚ್ 7 ಇರುವ ಸಿಹಿನೀರಿನಲ್ಲಿ ಅಮೋನಿಯಾದ ಶೇ 1ಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿದ್ದರೆ, ಪಿಎಚ್ 8.2ರ ನಮ್ಮ ತೊಟ್ಟಿಗಳಲ್ಲಿ ಅದು ಶೇ 5ನ್ನೂ ದಾಟುತ್ತದೆ.

ಸಂಜೆ ಮೀನುಗಳನ್ನು ಬಿಟ್ಟಾಗ ನೀರು ಹಾಲಿನಂತಿತ್ತು. ಬೆಳಗಾಗುವುದರೊಳಗೆ ತಿಳಿಯಾಗುತ್ತದೆ ಎಂದುಕೊಂಡು ಮಲಗಿದೆ. ನಾಲ್ಕು ಗಂಟೆಗೆ ಎದ್ದು ದೀಪ ಹಾಕಿದರೆ ಎರಡೂ ಕ್ಲೌನ್ ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ಕಿವಿರು ಪಟಪಟನೆ ಬಡಿಯುತ್ತ ನಿಂತಿದ್ದವು. ಗೋಬಿ ಮೀನು ತಳದಲ್ಲಿ ಮಗ್ಗುಲಾಗಿತ್ತು. ಅದರೊಡನೆ ಒಂದೇ ಬಿಲದಲ್ಲಿ ಬಾಳುತ್ತಿದ್ದ ಪಿಸ್ತೂಲ್ ಸೀಗಡಿಗೆ ಕಣ್ಣು ಮಂದ. ಹೊರಗೆ ಬರುವಾಗಲೆಲ್ಲ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತಿತ್ತು. ಆ ಹೊತ್ತಿನಲ್ಲೂ, ಸತ್ತ ಗೋಬಿಯ ಮೈಮೇಲೆ ಅದರ ಮೀಸೆ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಹಳದಿಯಾಗಿ ಉಳಿಯಬೇಕಾದ ಅಮೋನಿಯಾ ಪರೀಕ್ಷೆಯ ನಳಿಕೆ ಕಡು ಹಸಿರಾಯಿತು. ತಕ್ಷಣ ಅರ್ಧ ನೀರನ್ನಾದರೂ ಬದಲಿಸಬೇಕಿತ್ತು. ಆದರೆ ಕಲಸಿಟ್ಟ ಉಪ್ಪುನೀರನ್ನೆಲ್ಲ ತೊಟ್ಟಿ ತುಂಬಿಸಲು ಬಳಸಿಬಿಟ್ಟಿದ್ದೆ. ಹೊಸದಾಗಿ ಉಪ್ಪು ಕರಗಿಸಿ, ಬಿಸಿ ಮಾಡಿ, ಸಾಂದ್ರತೆ ಸರಿಹೊಂದಿಸುವಷ್ಟರಲ್ಲಿ ಗಂಟೆಗಳೇ ಉರುಳಿದವು. ಅಷ್ಟರಲ್ಲಿ ಒಂದು ಕ್ಲೌನ್ ಹೋಯಿತು. ಮರುದಿನ ಸೀಗಡಿಯೂ ಹೋಯಿತು.

ಹಳೆಯ ಮರಳನ್ನು ಎಸೆದುಬಿಡಿ. ಚೆನ್ನಾಗಿ ತೊಳೆದ ಹೊಸ ಮರಳು ಹಾಕಿ. ಬೇಕಿದ್ದರೆ ಹಳೆಯದರ ಮೇಲ್ಪದರದಿಂದ ಒಂದು ಹಿಡಿ ಬೆರೆಸಿ, ಅಷ್ಟೇ ಸಾಕು. ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ಬೇಕಾದಷ್ಟಿರುತ್ತವೆ. ತೊಟ್ಟಿ ತುಂಬಿದ ಮೇಲೂ ಅದರ ಮೂರನೇ ಒಂದು ಭಾಗದಷ್ಟು ಉಪ್ಪುನೀರು ಬೇರೆಯಾಗಿ ಸಿದ್ಧವಿರಲಿ. ಜಾಗವಿದ್ದರೆ ಹಳೆಯ ತೊಟ್ಟಿಯನ್ನು ನಡೆಸುತ್ತಲೇ ಹೊಸದನ್ನು ಪಕ್ಕದಲ್ಲಿ ನಾಲ್ಕಾರು ವಾರ ಓಡಿಸಿ. ಅಮೋನಿಯಾ, ಅದನ್ನು ಬ್ಯಾಕ್ಟೀರಿಯಾ ಅರಗಿಸುವಾಗ ಉಂಟಾಗುವ ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಮೀನು ಬಿಡಬೇಡಿ.

ಇನ್ನೊಂದು ಮಾತು. ಆ ದಿನ ಸಿಟ್ಟಿನಲ್ಲಿ ಕಲ್ಲುಗಳನ್ನೆಲ್ಲ ಕುದಿಸಿ ಶುದ್ಧ ಮಾಡಿ ಮೊದಲಿನಿಂದ ಶುರುಮಾಡೋಣ ಎಂದು ಯೋಚಿಸಿದ್ದೆ. ಎಂದಿಗೂ ಹಾಗೆ ಮಾಡಬೇಡಿ. ಕಲ್ಲಿಗೆ ಅಂಟಿ ಬೆಳೆಯುವ ಕೆಲವು ಜೋವಾಂಥಿಡ್‌ಗಳಲ್ಲಿ (ಹವಳದ ಸಂಬಂಧಿಗಳಾದ ಮೃದು ಜೀವಿಗಳಲ್ಲಿ) ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಕುದಿಸಿದಾಗ ಅದು ಆವಿಯೊಂದಿಗೆ ಗಾಳಿ ಸೇರಿ, ಮನೆಮಂದಿಯೆಲ್ಲ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ನನ್ನ ಕಲ್ಲುಗಳಲ್ಲಿ ಎರಡರ ಮೇಲೆ ಅಂಥ ಗುಂಪುಗಳಿದ್ದವು. ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉಜ್ಜದೆ, ಉಪ್ಪುನೀರಿನೊಳಗೇ ಅಲುಗಿಸಿ ತೊಳೆದು ಮತ್ತೆ ಜೋಡಿಸಿದೆ. ಉಳಿದ ಒಂದು ಕ್ಲೌನ್ ಈಗ ಅವುಗಳ ನಡುವೆಯೇ ಮಲಗುತ್ತದೆ.